ಒಂದು ಫೂಟಿಗೆ ಕಾಲಂಗುಲ

ನಮ್ಮ ಹಿತ್ತಲಲ್ಲಿ ರೈಲು ಓಡುತ್ತಿತ್ತು. ಶಾಲೆಯಲ್ಲಿ ಹೀಗೆ ಹೇಳಿದಾಗ ಯಾರೂ ನಂಬಲಿಲ್ಲ. ಇಬ್ಬರು ಗೆಳತಿಯರನ್ನು ಕರೆತಂದು ತೋರಿಸಿದ ಮೇಲೆ, ನಾನು ಹೇಳುತ್ತಿದ್ದ ಬೇರೆ ಸುಳ್ಳುಗಳನ್ನೂ ಅವರು ನಂಬತೊಡಗಿದರು. ಗದಗ ಸ್ಟೇಶನ್ನಿನಿಂದ ಬೆಟಗೇರಿಗೆ ಹೋಗುವ ದಾರಿಯ ಒಂದು ಓಣಿಯಲ್ಲಿ ನಮ್ಮದು ಬಾಡಿಗೆ ಮನೆ. ಮುಂದೆ ಪಡಸಾಲೆ, ನಡುವೆ ಒಂದು ಕತ್ತಲೆ ಕೋಣೆ, ಆಮೇಲೆ ಅಡಿಗೆಮನೆ, ಅದರ ಹಿಂದೆ ಈ ಮೂರನ್ನೂ ಸೇರಿಸಿದರೂ ತುಂಬದಷ್ಟು ದೊಡ್ಡ ಹಿತ್ತಲು. ಅಪ್ಪ ರೈಲ್ವೆಯ ಕಟ್ಟಡಗಳ ಆಫೀಸಿನಲ್ಲಿ ನಕ್ಷೆಗಳ ನಕಲು ತೆಗೆಯುವ ಕೆಲಸದಲ್ಲಿದ್ದ. ಸ್ವಾತಂತ್ರ್ಯ ಬಂದ ವರ್ಷ ಅವನ ಇಂಗ್ಲಿಷ್ ಸಾಹೇಬ ಸಾಮಾನು ಕಟ್ಟಿಕೊಂಡು ತನ್ನ ದೇಶಕ್ಕೆ ಹೊರಟಾಗ ಕುರ್ಚಿ, ಮೇಜು, ಕನ್ನಡಿಗಳನ್ನು ದೊಡ್ಡ ಹುದ್ದೆಯವರು ಕೊಂಡರು. ಯಾರಿಗೂ ಬೇಡವಾದ ಒಂದು ಕಟ್ಟಿಗೆಯ ಪೆಟ್ಟಿಗೆ ಅಪ್ಪನ ಪಾಲಿಗೆ ಬಂತು. ಅದರಲ್ಲಿ ಕೀಲಿ ಕೊಟ್ಟರೆ ಓಡುವ ಒಂದು ಎಂಜಿನ್, ಮೂರು ಡಬ್ಬಿ, ಹಿತ್ತಲನ್ನು ಒಂದು ಸುತ್ತು ಹಾಕುವಷ್ಟು ತಗಡಿನ ಹಳಿ ಇದ್ದವು. ಒಮ್ಮೆ ಕೀಲಿ ಕೊಟ್ಟರೆ ಎಂಜಿನ್ ಕರಿಬೇವಿನ ಗಿಡದವರೆಗೆ ಬಂದು ನಿಲ್ಲುತ್ತಿತ್ತು. ಅಲ್ಲಿ ನಾನು ಕೂತಿದ್ದು ಮತ್ತೆ ಕೀಲಿ ಕೊಡುತ್ತಿದ್ದೆ.

ಅಪ್ಪನ ಜೀವ ಎಂಜಿನ್ನಿನಲ್ಲಿರಲಿಲ್ಲ, ಕಟ್ಟಡಗಳಲ್ಲಿತ್ತು. ಹಗಲು ಆಫೀಸಿನಲ್ಲಿ ನಕಲು ಮಾಡಿದ ಸ್ಟೇಶನ್ನು, ಗೂಡ್ಸ್ ಶೆಡ್ಡು, ನೀರಿನ ಟಾಕಿಗಳನ್ನು ಸಂಜೆ ಹಳಿಯ ಪಕ್ಕದಲ್ಲಿ ಕಟ್ಟಿ ನಿಲ್ಲಿಸುತ್ತಿದ್ದ. ಲೆಕ್ಕ ಒಂದೇ: ಖರೆಯ ಕಟ್ಟಡದ ಒಂದು ಫೂಟಿಗೆ ಇಲ್ಲಿ ಕಾಲಂಗುಲ. ಗೋಡೆಗೆ ದಪ್ಪ ರಟ್ಟು, ಅಂಟಿಗೆ ಹುಣಸೆಬೀಜ ಅರೆದು ಕುದಿಸಿದ ಸರಿ, ಚಾವಣಿಗೆ ಬಿಸ್ಕತ್ತಿನ ಡಬ್ಬಿಯ ತಗಡು. ಸಿಗ್ನಲ್ ಕಂಬಗಳಿಗೆ ಬೆಟಗೇರಿಯ ನೇಕಾರರು ಎಸೆದ ಹಳೆಯ ಮಗ್ಗದ ಹಣಿಗೆಯ ಕಡ್ಡಿಗಳು. ಬಣ್ಣಕ್ಕೆ ಸುಣ್ಣ, ಕೆಮ್ಮಣ್ಣು, ದೀಪದ ಕಪ್ಪು. ಹತ್ತು ವರ್ಷದ ನನಗೆ ಅಕ್ಷರ ದುಂಡಗಾಗುವ ಮೊದಲೇ ಫೂಟುಪಟ್ಟಿ ಹಿಡಿಯಲು ಬಂದಿತ್ತು. ಆದರೆ ಹಳಿ ಹಾಕಿದ ಜಾಗ ಅವ್ವನ ರಾಜ್ಯ. ಬಚ್ಚಲಿಗೂ ಬಾವಿಗೂ ನಡುವೆ ಅದು ಹಾದುಹೋಗಿತ್ತು. ಅವಳ ಕೊತ್ತಂಬರಿ ಮಡಿಯನ್ನು ಎರಡು ಕಡೆ ತುಳಿದಿತ್ತು. ಅಪ್ಪ ರಾಜಿಗೆಂದು ಅಲ್ಲಿ ಒಂದು ಗೇಟು ಕಟ್ಟಿದ. ಗೇಣುದ್ದದ, ಕೆಂಪು ಬಿಳಿ ಪಟ್ಟಿಯ ಗೇಟು.

"ಗಿರಿಜಾ, ಗೇಟು ಬಿದ್ದಾಗ ದಾಟಬ್ಯಾಡ," ಎಂದು ಅಪ್ಪ ಅವ್ವನಿಗೆ ಹೇಳಿದ.

"ರೈಲು ಹೋಗೂತನಕ ನಾ ಕೊಡಾ ಹೊತಗೊಂಡು ನಿಂದರಬೇಕೇನು?"

"ಗದಗಿನ್ಯಾಗ ಎಲ್ಲಾರೂ ನಿಂದರತಾರ."

"ಅವರ ಮನ್ಯಾಗ ಒಲಿ ಮ್ಯಾಲ ಬ್ಯಾಳಿ ಇರಾಂಗಿಲ್ಲ," ಎಂದು ಅವ್ವ ದಾಟಿಯೇ ಹೋದಳು. ಎಂಜಿನ್ ಅವಳ ಕಾಲಿಗೆ ತಾಕಿ ಉರುಳಿತು. ಮರುದಿನ ಅಪ್ಪ ಆ ಗೇಟಿನ ಪಕ್ಕ ಸಣ್ಣದೊಂದು ಕಾವಲುಮನೆ ಕಟ್ಟಿದ. ಅವನ ಸಿಟ್ಟೂ ಕಟ್ಟಡವಾಗಿಯೇ ಹೊರಬರುತ್ತಿತ್ತು.

ಅಪ್ಪನದು ಒಂದು ಕಟ್ಟುನಿಟ್ಟು ಇತ್ತು. ನಕ್ಷೆ ಇಲ್ಲದ ಕಟ್ಟಡ ಹಳಿಯ ಹತ್ತಿರ ಬರಕೂಡದು. ನಕ್ಷೆಯಲ್ಲಿ ಅಂದಾಜು ಇರಕೂಡದು. ಒಬ್ಬರು ಯಾರೋ ಖುದ್ದಾಗಿ ಅಳೆದಿರಬೇಕು, ಯಾರು ಅಳೆದರು ಎಂಬುದು ಮೂಲೆಯಲ್ಲಿ ಬರೆದಿರಬೇಕು. ಒಳಗಿನ ಅಳತೆಗಳ ಮೊತ್ತ ಹೊರಗಿನ ಅಳತೆಗೆ ಕೂಡದಿದ್ದರೆ ಕಾಗದ ವಾಪಸ್ಸು. ನಾನು ಮುಂದೆ ಮೂವತ್ತು ವರ್ಷ ಪತ್ರಿಕೆಯ ಮೇಜಿನ ಹಿಂದೆ ಕೂತು ಬೇರೆಯವರ ವರದಿಗಳನ್ನು ವಾಪಸ್ಸು ಕಳಿಸಿದ್ದು ಇದೇ ಕಟ್ಟುನಿಟ್ಟಿನಿಂದ.

ಆ ವರ್ಷಗಳಲ್ಲಿ ನಮ್ಮ ಜೊತೆ ನೀಲತ್ತೆ ಇದ್ದಳು. ಅಪ್ಪನ ಅಕ್ಕ. ಬನ್ನಿಕೊಪ್ಪ ಸ್ಟೇಶನ್ನಿನಿಂದ ಎರಡು ಹರದಾರಿ ದೂರದ ಹಳ್ಳಿಯೊಂದಕ್ಕೆ ಅವಳನ್ನು ಕೊಟ್ಟಿತ್ತು. ಗಂಡ ಸಂಗಯ್ಯ ಮಾಮಾ ಅಲ್ಲಿ ಬಸವಣ್ಣನ ಗುಡಿಯ ಪೂಜಾರಿ. ಮಕ್ಕಳಿರಲಿಲ್ಲ. ಆಗ ನಾವು ಮುಂಬಯಿ ಸರ್ಕಾರದವರು. ಅವ್ವನ ತವರು ಲಕ್ಷ್ಮೇಶ್ವರ ಒಬ್ಬ ರಾಜರ ಸಂಸ್ಥಾನಕ್ಕೆ ಸೇರಿತ್ತು. ನೀಲತ್ತೆಯ ಊರು ನಿಜಾಮರ ಸೀಮೆ. ಮೂರು ರಾಜ್ಯದವರು ಒಂದೇ ಒಲೆಯ ಮುಂದೆ ಕೂತು ರೊಟ್ಟಿ ತಿನ್ನುತ್ತಿದ್ದೆವು. ಗಡಿಯಾಚೆ ಗಲಾಟೆ ಎದ್ದು, ಊರಿಗೆ ಊರೇ ಗಂಟು ಕಟ್ಟಿಕೊಂಡು ಮುಂಡರಗಿಯ ಕಡೆ ಬರುತ್ತಿದ್ದಾಗ ಅಪ್ಪ ಹೋಗಿ ಅಕ್ಕ ಭಾವ ಇಬ್ಬರನ್ನೂ ಕರೆದ. ಪೂಜೆ ಬಿಟ್ಟು ಬರಲಾರೆ ಎಂದರು ಮಾಮಾ. ಮಾತಿಗೆ ಮಾತು ಬೆಳೆಯಿತು. "ದೇವರನ್ನ ಕಾಯಕೊಂಡು ನೀವು ಇರ್ರಿ, ನಮ್ಮ ಅಕ್ಕನ್ನ ನಾ ಕರಕೊಂಡು ಹೋಗತೀನಿ," ಎಂದು ಅಪ್ಪ ಅವಳನ್ನು ಚಕ್ಕಡಿ ಹತ್ತಿಸಿಕೊಂಡು, ಮುಂಡರಗಿ ಸುತ್ತಿ ಗದಗಿಗೆ ಬಂದ.

ಗಲಾಟೆ ಮುಗಿಯಿತು. ಎಲ್ಲರೂ ತಮ್ಮ ತಮ್ಮ ಊರಿಗೆ ಹೋದರು. ನೀಲತ್ತೆ ಮಾತ್ರ ಉಳಿದಳು. ತವರಿಗೆ ಬಂದ ಹೆಣ್ಣನ್ನು ಗಂಡನ ಮನೆಯವರು ಬಂದು ಕರೆಯಬೇಕು, ಅದು ರೀತಿ, ಎಂದು ಅಪ್ಪ. ಕರಕೊಂಡು ಹೋದವರೇ ತಂದು ಬಿಡಲಿ ಎಂದು ಮಾಮಾ ಯಾರ ಮುಂದೆಯೋ ಹೇಳಿದರಂತೆ. ಇಬ್ಬರದೂ ರೀತಿಯೇ. ಹೀಗೆ ಎರಡು ವರ್ಷ ಸಂದವು. ಕಾಗದವಿಲ್ಲ, ಖಬರಿಲ್ಲ. ಈ ಬಗ್ಗೆ ಮನೆಯಲ್ಲಿ ಮಾತನಾಡುತ್ತಿದ್ದವಳು ಅವ್ವ ಒಬ್ಬಳೇ.

"ನೀವ ಹೋಗಿ ಬಿಟ್ಟು ಬರ್ರೆಲ್ಲ. ಏನು ಸಣ್ಣವರಾಗತೀರಿ?"

"ಕರೀದ ಮನಿಗೆ ಅಕ್ಕನ್ನ ಬಿಟ್ಟು ಬರಲಾ? ನಾಳೆ ಅಕಿಗೆ ಅಲ್ಲಿ ಏನು ಕಿಮ್ಮತ್ತು?"

ನೀಲತ್ತೆ ಆಗ ಎದ್ದು ಹಿತ್ತಲಿಗೆ ಬರುತ್ತಿದ್ದಳು. ಮೊರದಲ್ಲಿ ಜೋಳ ಹಿಡಿದು, ಬಾವಿಯ ಕಟ್ಟೆಯ ಮೇಲೆ ಕೂತು, ರೈಲು ನೋಡುತ್ತಿದ್ದಳು. ಒಂದು ದಿನ ಕರಿಬೇವಿನ ಗಿಡದ ಆಚೆಯ ಖಾಲಿ ಜಾಗಕ್ಕೆ ಕೈ ತೋರಿಸಿದಳು.

"ಶಾರೀ, ಅದು ಯಾವ ಊರು?"

"ಬನ್ನಿಕೊಪ್ಪ. ಸ್ಟೇಶನ್ ಇನ್ನೂ ಕಟ್ಟಿಲ್ಲ," ಎಂದೆ ನಾನು.

"ಅಲ್ಲಿಂದ ಎಡಕ್ಕ ಹೊಳ್ಳಿದರ ನಮ್ಮ ಊರು. ಒಂದು ಮನಿ ಇಡು ಅಲ್ಲೆ. ಸಣ್ಣದು."

ನಾನು ಅಪ್ಪನನ್ನು ಕೇಳಿದೆ. ಅವನು ಬೇಡ ಎನ್ನಲಿಲ್ಲ. "ನಕ್ಷಾ ಮಾಡು, ಆಮ್ಯಾಲ ನೋಡೂಣು," ಎಂದ.

ಹೀಗೆ ನನ್ನ ಮೊದಲ ಸಂದರ್ಶನ ನಡೆಯಿತು. ನೀಲತ್ತೆಗೆ ತನ್ನ ಮನೆ ಫೂಟಿನಲ್ಲಿ ಗೊತ್ತಿರಲಿಲ್ಲ, ಕೆಲಸದಲ್ಲಿ ಗೊತ್ತಿತ್ತು. ಪಡಸಾಲೆ ಎಷ್ಟು ಉದ್ದ? ಹದಿನಾರು ಮೊಳದ ಸೀರೆ ಎರಡು ಮಡಿಕೆ ಹಾಸಿದಷ್ಟು. ನಡುಮನೆ? ಸಾರಿಸಲು ಎರಡು ಬುಟ್ಟಿ ಸಗಣಿ ಹಿಡಿಯುವಷ್ಟು. ಹೊಸ್ತಿಲು ಎಷ್ಟು ಎತ್ತರ? ಮದುವೆಯಾಗಿ ಬಂದ ವರ್ಷ ದಿನಾ ಎಡವುವಷ್ಟು, ಆಮೇಲೆ ಎಡವದಷ್ಟು. ಅಡಿಗೆಮನೆಯ ಹಿಂದಿನ ಗೋಡೆಯನ್ನು ಮಾತ್ರ ಅವಳು ಅಳೆದಿದ್ದಳು, ಮಡಕೆ ಸಾಲಿಡುವ ಹಲಗೆ ಮಾಡಿಸಲು. ತನ್ನ ಕೈಯಿಂದ ಒಂಬತ್ತು ಮೊಳ. ಆ ಗೋಡೆಯ ಆಚೆಗೇ ಬಾವಿ. ಆದರೆ ಮನೆಗೆ ಇದ್ದದ್ದು ಒಂದೇ ಬಾಗಿಲು, ಮುಂದಿನದು. ಗಡಿನಾಡಿನ ಹಳೆಯ ಮನೆ. ಕಳ್ಳರ ಭಯಕ್ಕೆ ಹಿರಿಯರು ಹಿಂದೆ ಬಾಗಿಲು ಇಟ್ಟಿರಲಿಲ್ಲ. ನೀರಿಗೆ ಹೋಗಬೇಕಾದರೆ ಅಡಿಗೆಮನೆಯಿಂದ ನಡುಮನೆ, ಪಡಸಾಲೆ, ಕಟ್ಟೆ ಇಳಿದು, ಮನೆಯನ್ನು ಬಳಸಿ ಹಿಂದಕ್ಕೆ ಬರಬೇಕು.

"ಅರವತ್ತೆರಡು ಹೆಜ್ಜಿ," ಎಂದಳು ನೀಲತ್ತೆ. "ತುಂಬಿದ ಕೊಡಾ ಹೊತಗೊಂಡು ಮತ್ತ ಅರವತ್ತೆರಡು. ಅಲ್ಲೆ ಒಂದು ಬಾಗಲಾ ಇದ್ದರ ಹತ್ತ ಹೆಜ್ಜಿ."

"ಮಾಮಾಗ ಕೇಳಬಾರದಿತ್ತೇನು?"

"ಕೇಳಿದ್ದೆ. ಹಿರ್ಯಾರು ಇಡದ ಬಾಗಲಾ ನಾ ಹ್ಯಾಂಗ ಇಡಲಿ ಅಂದರು. ಮರುವರ್ಷ ಮತ್ತ ಕೇಳಿದೆ. ಆಮ್ಯಾಲ ಕೇಳೂದು ಬಿಟ್ಟೆ. ಹೆಜ್ಜಿ ಎಣಸಾಕ ಹತ್ತಿದೆ."

ನಾನು ಎಲ್ಲವನ್ನೂ ಬರೆದುಕೊಂಡೆ. ಅರವತ್ತೆರಡು, ಹತ್ತು ಎಂಬುದನ್ನೂ. ಅವಳ ಮೊಳ ಅಪ್ಪನ ಪಟ್ಟಿಯ ಪ್ರಕಾರ ಹದಿನೇಳು ಅಂಗುಲ. ಮನೆಯ ಹೊರಗಿನ ಉದ್ದ ಅವಳಿಗೆ ಗೊತ್ತಿತ್ತು, ಏಕೆಂದರೆ ಪ್ರತಿ ಹಬ್ಬಕ್ಕೆ ಹೊರಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆಯುವವಳು ಅವಳೇ. ಆದರೆ ಒಳಗಿನದನ್ನೆಲ್ಲ ಕೂಡಿಸಿದರೆ ಹೊರಗಿನದಕ್ಕೆ ಆರೇಳು ಫೂಟು ಕಡಿಮೆ ಬಂತು. ಅಪ್ಪ ಕಾಗದ ವಾಪಸ್ಸು ಕೊಟ್ಟ.

"ಗೋಡಿ ದಪ್ಪ ಎಲ್ಲೈತಿ ಇದರಾಗ?"

"ಗೋಡಿ ದಪ್ಪ ಯಾರು ಅಳೀತಾರೋ ಚನ್ನಾ?" ಎಂದು ತಮ್ಮನನ್ನು ಕೇಳಿದಳು ನೀಲತ್ತೆ. "ಗೋಡಿ ಅಂದರ ಗೋಡಿ."

"ಅಳೀಬೇಕು. ಇಲ್ಲಂದರ ಮನಿ ನಿಂದರಾಂಗಿಲ್ಲ."

ಅಳೆಯಬಲ್ಲವರು ಒಬ್ಬರೇ ಇದ್ದರು. ಅವರ ಹೆಸರನ್ನು ಯಾರೂ ಎತ್ತಲಿಲ್ಲ. ಅವ್ವ ಒಲೆಯ ಮುಂದಿನಿಂದಲೇ ಹೇಳಿದಳು: "ಶಾರಿ ಬರೀಲಿ. ಮಕ್ಕಳ ಕಾಗದಕ್ಕ ಯಾರ ಮಾನಾನೂ ಹೋಗಾಂಗಿಲ್ಲ."  ಅಪ್ಪ, ಆಫೀಸಿನ ಕಾಗದದ ಹಾಗೆ ಬರೆಯಬೇಕು, ಮನೆಯ ಕಾಗದದ ಹಾಗೆ ಕ್ಷೇಮ ಸಮಾಚಾರ ಇರಕೂಡದು ಎಂಬ ಶರತ್ತಿನ ಮೇಲೆ ಒಂದು ಕಾರ್ಡು ಕೊಟ್ಟ. ನಾನು ಬರೆದೆ: ವಿಷಯ, ಗೋಡೆಯ ದಪ್ಪ. ನಮ್ಮ ಹಿತ್ತಲ ರೈಲಿನ ಬದಿಗೆ ತಮ್ಮ ಮನೆಯನ್ನು ಕಟ್ಟುವುದಿದೆ. ಅಳತೆ ತಿಳಿಸಬೇಕು.

ಹನ್ನೊಂದನೆಯ ದಿನ ಉತ್ತರ ಬಂತು. ಅದೂ ಆಫೀಸಿನ ಕಾಗದವೇ. "ವಿಷಯ: ಗೋಡೆ. ದಪ್ಪ ಒಂದು ಮೊಳ ಎರಡು ಬೆರಳು. ಎಲ್ಲ ಗೋಡೆಗಳೂ ಅಷ್ಟೇ." ಅಪ್ಪ ಓದಿ, ತಪ್ಪು ಹುಡುಕಿದ.

"ಯಾರ ಮೊಳ? ಮೊಳ ಅಂದರ ಏನು ಸರ್ಕಾರದ್ದೇನು?"

ನೀಲತ್ತೆ ಜೋಳ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಅವರ ಮೊಳ ನನ್ನ ಮೊಳಕ್ಕಿಂತ ಮೂರು ಬೆರಳು ಉದ್ದ," ಎಂದಳು. ಎರಡು ವರ್ಷದಲ್ಲಿ ಅವಳು ಗಂಡನ ಬಗ್ಗೆ ತಾನಾಗಿ ಆಡಿದ ಮೊದಲ ಮಾತು ಅದು. ಅಪ್ಪ ಆ ಮೊಳವನ್ನು ಅಂಗುಲಕ್ಕೆ ಇಳಿಸಿ, ಹತ್ತೊಂಬತ್ತೂ ಕಾಲು ಎಂದು ನಕ್ಷೆಯ ಮೂಲೆಯಲ್ಲಿ ಬರೆದುಕೊಂಡ. ಅಳೆದವರು: ಸಂಗಯ್ಯ. ಮೊಳ ತಿಳಿಸಿದವರು: ನೀಲವ್ವ.

ನಮ್ಮ ಲೆಕ್ಕದಲ್ಲಿ ಆ ಗೋಡೆ ಅರ್ಧ ಅಂಗುಲಕ್ಕೆ ಕೊಂಚ ಕಡಿಮೆ ಬಂತು. ಅಷ್ಟು ದಪ್ಪದ ರಟ್ಟು ಎಲ್ಲಿಯೂ ಇರಲಿಲ್ಲ. ನೀಲತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೆಂಪು ಮಣ್ಣಿಗೆ ಜೋಳದ ಹೊಟ್ಟು ಬೆರೆಸಿ, ನೀರು ಹಾಕಿ ತುಳಿದು, ಎರಡು ದಿನ ಕೊಳೆಯಲು ಬಿಟ್ಟಳು. ಮಣ್ಣಿನ ಮನೆಗೆ ಮಣ್ಣೇ ಬೇಕು ಎಂದಳು. ಅಪ್ಪನ ಸ್ಟೇಶನ್ನುಗಳು ಒಂದು ಭಾನುವಾರದಲ್ಲಿ ಏಳುತ್ತಿದ್ದವು. ಈ ಮನೆ ದಿನಕ್ಕೆ ಎರಡು ಬೆರಳು ಏಳುತ್ತಿತ್ತು, ಕೆಳಗಿನದು ಒಣಗದೆ ಮೇಲೆ ಇಡುವ ಹಾಗಿರಲಿಲ್ಲ. ಗೋಡೆ ಏರುತ್ತಿದ್ದ ಆ ದಿನಗಳಲ್ಲಿ ಅವಳು ಹಾಡಿಕೊಳ್ಳುತ್ತಿದ್ದಳು. ಚಾವಣಿಯ ಹೊತ್ತಿಗೆ ನಾನು ಎರಡನೆಯ ಕಾರ್ಡು ಬರೆದು, ಪಡಸಾಲೆಯಲ್ಲಿ ಎಷ್ಟು ಜಂತಿ ಎಂದು ಕೇಳಿದೆ. ಉತ್ತರ ಬಂತು: "ಜಂತಿ ಹತ್ತೊಂಬತ್ತು. ಮೊದಲು ಎಣಿಸಿರಲಿಲ್ಲ. ಈಗ ದಿನಾ ಎಣಿಸುತ್ತೇನೆ."

"ಕಡೀ ಎರಡು ಮಾತು ನಕ್ಷಾಕ ಬೇಕಾಗಿಲ್ಲ. ಹೊಡದು ಹಾಕು," ಎಂದ ಅಪ್ಪ.

"ಇರಲಿ," ಎಂದಳು ನೀಲತ್ತೆ. ಆ ಕಾರ್ಡನ್ನು ಅವಳು ನನ್ನಿಂದ ತೆಗೆದುಕೊಂಡಳು. ಮರಳಿ ಕೊಡಲಿಲ್ಲ.

ಮುಂದಿನ ವಾರ ಹರ್ತಿಯಿಂದ ದೂರದ ಸಂಬಂಧದ ಗಂಗವ್ವ ಬಂದಳು. ಕೂತು ಚಹಾ ಕುಡಿದು, ಬಟ್ಟಲು ಕೆಳಗಿಡುತ್ತ ಹೇಳಿದಳು: "ನಿನಗ ಗೊತ್ತೈತಿಲ್ಲೋ ನೀಲವ್ವ, ಸಂಗಯ್ಯಾರಿಗೆ ಇನ್ನೊಂದು ಲಗ್ನ ಮಾಡಾಕ ಅಲ್ಲಿ ಹಿರ್ಯಾರು ಮಾತಾಡಾಕ ಹತ್ಯಾರಂತ. ಮಕ್ಕಳಿಲ್ಲ, ಹೇಣತೀನೂ ಇಲ್ಲ, ಗುಡಿಗೆ ನೀರು ತರಾವರು ಯಾರು ಅಂತ." ನೀಲತ್ತೆ ಅವಳಿಗೆ ಮತ್ತಷ್ಟು ಚಹಾ ಬಗ್ಗಿಸಿದಳು.  ಗಂಗವ್ವ ಹೋದ ಮೇಲೆ ಹಿತ್ತಲಿಗೆ ಬಂದು, ಚಾವಣಿ ಇಲ್ಲದ ಮಣ್ಣಿನ ಮನೆಯ ಮುಂದೆ ನಿಂತಳು.

"ಬೀಳಸು ಇದನ್ನ, ಶಾರೀ. ಕೊತ್ತಂಬರಿ ಹಾಕಾಕ ಜಾಗಾ ಆಗತೈತಿ ನಿಮ್ಮವ್ವಗ."

ನಾನು ಅವ್ವನ ಕಡೆ ನೋಡಿದೆ. ಅವ್ವ ಬಾಗಿಲಲ್ಲಿ ನಿಂತಿದ್ದಳು. ಎರಡು ವರ್ಷದಿಂದ ಅವಳಿಗೂ ನೀಲತ್ತೆಗೂ ಉಪ್ಪು ಹೆಚ್ಚು, ಹಿಟ್ಟು ತೆಳ್ಳಗೆ ಎಂದು ದಿನಕ್ಕೊಂದು ಜಗಳ. ರೈಲಿನ ಬಗ್ಗೆ ಅವಳು ಒಳ್ಳೆಯ ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ.

"ನನಗ ಕೊತ್ತಂಬರಿ ಬ್ಯಾಡ," ಎಂದಳು ಅವ್ವ. "ಶಾರೀ, ಇನ್ನೊಂದು ಕಾರ್ಡು ತಗೋ. ಅಡಗಿಮನಿ ಹಿಂದಿನ ಗೋಡಿ ಅಳತಿ ಕೇಳು. ಆ ಗೋಡ್ಯಾಗ ಕಿಡಕಿ, ಬಾಗಲಾ ಏನರ ಐತೇನು, ಅದನ್ನೂ ಕೇಳು."

"ಇಲ್ಲ ಅಂತ ಅತ್ತಿ ಹೇಳ್ಯಾಳಲ್ಲ?"

"ನೀ ಕೇಳು. ಅತ್ತಿ ನೋಡಿ ಎರಡು ವರ್ಷ ಆತು."

ಅಪ್ಪ ಈ ಕಾರ್ಡನ್ನು ನೋಡಲಿಲ್ಲ. ಅವ್ವ ತಾನೇ ಸ್ಟೇಶನ್ನಿನ ಹತ್ತಿರದ ಅಂಚೆಡಬ್ಬಿಗೆ ಹಾಕಿ ಬಂದಳು. ಈ ಸಲ ಉತ್ತರ ಬೇಗ ಬರಲಿಲ್ಲ. ಹದಿನೈದು ದಿನ, ಇಪ್ಪತ್ತು ದಿನ. ನೀಲತ್ತೆ ಹಿತ್ತಲಿಗೆ ಬರುವುದನ್ನು ಬಿಟ್ಟಳು. ಗೋಡೆಗಳು ಒಣಗಿ, ಒಂದು ಮೂಲೆಯಲ್ಲಿ ಬಿರುಕು ಬಿಟ್ಟಿತು. ಕಾರ್ಡು ಬಂದದ್ದು ಒಂದು ಶನಿವಾರ ಮಧ್ಯಾಹ್ನ. ಅಪ್ಪ ಅರ್ಧ ದಿನದ ಆಫೀಸು ಮುಗಿಸಿ ಬಂದಿದ್ದ. ಪಡಸಾಲೆಯಲ್ಲಿ ಎಲ್ಲರೂ ಇದ್ದರು. ನಾನು ಗಟ್ಟಿಯಾಗಿ ಓದಿದೆ.

"ವಿಷಯ: ಅಡಿಗೆಮನೆಯ ಹಿಂದಿನ ಗೋಡೆ. ಮೂಡಣ ಮೂಲೆಯಿಂದ ಬಾಗಿಲವರೆಗೆ ಮೂರು ಮೊಳ. ಬಾಗಿಲು ಎರಡು ಮೊಳ. ಬಾಗಿಲಿನಿಂದ ಪಡುವಣ ಮೂಲೆಗೆ ಮೂರು ಮೊಳ. ಇತಿ."

"ಸಂಗಯ್ಯಾರದು ತಪ್ಪೈತಿ," ಎಂದ ಅಪ್ಪ. "ಮುಂದಿನ ಗೋಡಿ ಬರದಾರ."

ನಾನು ಅಷ್ಟರಲ್ಲಿ ಲೆಕ್ಕ ಹಾಕಿದ್ದೆ. ಮಾಮಾನ ಮೊಳದಲ್ಲಿ ಎಂಟು ಎಂದರೆ ನೂರಾ ಐವತ್ತನಾಲ್ಕು ಅಂಗುಲ. ನೀಲತ್ತೆಯ ಮೊಳದಲ್ಲಿ ಒಂಬತ್ತು ಎಂದರೆ ನೂರಾ ಐವತ್ತಮೂರು. ಒಂದೇ ಅಂಗುಲದ ಅಂತರ. ಗೋಡೆ ಅದೇ ಗೋಡೆ. ನಾನು ಹಾಗೆಂದು ಹೇಳಿದೆ. ಅಪ್ಪ ಕಾಗದ ಇಸಿದುಕೊಂಡು ತಾನೂ ಕೂಡಿಸಿದ.

"ಗೋಡಿ ಬರೋಬ್ಬರಿ ಐತಿ," ಎಂದ. "ಬಾಗಲಾ ತಪ್ಪೈತಿ. ಇನ್ನೊಂದು ಕಾರ್ಡು ಬರಿ, ಶಾರೀ. ಆ ಗೋಡ್ಯಾಗ ಖರೇನ ಬಾಗಲಾ ಐತೋ ಇಲ್ಲೋ, ಸಾಫ್ ತಿಳಸಿರಿ ಅಂತ."

"ಬರೀಬ್ಯಾಡ," ಎಂದಳು ನೀಲತ್ತೆ.

ಅವಳು ಗೋಡೆಗೆ ಒರಗಿ ಕೂತಿದ್ದಳು. ಎದ್ದು ಬಂದು, ಕಾರ್ಡನ್ನು ಅಪ್ಪನ ಕೈಯಿಂದ ತೆಗೆದುಕೊಂಡು, ಅಕ್ಷರಗಳ ಮೇಲೆ ಬೆರಳಿಟ್ಟು ತಾನೇ ಓದಿದಳು. ಅವಳ ಓದು ನಿಧಾನ. ಬಾಗಿಲು ಎಂಬಲ್ಲಿ ಬೆರಳು ಎರಡು ಸಲ ನಿಂತಿತು.

"ಸೋಮವಾರ ಬಿಟ್ಟು ಮುಂದಿನ ಸೋಮವಾರ ನಾ ಹೊಂಡತೀನಿ," ಎಂದಳು.

"ಕರದಾರೇನು ಅಕ್ಕಾ ಅವರು?"

"ಕರದಾರ. ನಿನಗ ಓದಾಕ ಬರಾಂಗಿಲ್ಲೇನು?"

ಅಪ್ಪ ಕಾರ್ಡನ್ನು ಮರಳಿ ಇಸಿದುಕೊಂಡು, ತಿರುವಿ ಹಿಂಬದಿಯನ್ನೂ ನೋಡಿದ. ಅಲ್ಲಿ ನಮ್ಮ ವಿಳಾಸ ಮಾತ್ರ ಇತ್ತು. ಅವ್ವ ನಗು ತಡೆಯಲಾರದೆ ಅಡಿಗೆಮನೆಗೆ ಹೋದಳು. ನಾನು ನಾಲ್ಕನೆಯ ಕಾರ್ಡು ಬರೆದೆ. ವಿಷಯ, ಬಾಗಿಲು. ಅದನ್ನು ನೋಡಲು ನೀಲತ್ತೆ ಮುಂದಿನ ವಾರದ ಸೋಮವಾರ ಮುಂಜಾನೆಯ ಗಾಡಿಗೆ ಬನ್ನಿಕೊಪ್ಪಕ್ಕೆ ಬರುತ್ತಾಳೆ. ಖಾತ್ರಿ ಮಾಡಿಕೊಳ್ಳದೆ ಸುದ್ದಿ ಮುಂದಕ್ಕೆ ಹೋಗಬಾರದು ಎಂಬ ಅಪ್ಪನ ನಿಯಮ ಅಂದು ನಮ್ಮ ಮನೆಯಲ್ಲಿ ಮುರಿಯಿತು. ಮುರಿದವಳು ನಾನೇ. ಬಾಗಿಲು ಇದೆಯೋ ಇಲ್ಲವೋ ಎಂದು ಕೇಳುವ ಸಾಲೊಂದನ್ನು ಕೊನೆಗೆ ಸೇರಿಸಲು ಜಾಗವಿತ್ತು. ನೀಲತ್ತೆ ಎದುರಿಗೆ ಕೂತಿದ್ದಳು. ಸೇರಿಸಲಿಲ್ಲ.

ಅಂದು ಸಂಜೆ ಅಪ್ಪ ಮಣ್ಣಿನ ಮನೆಗೆ ಬಾಗಿಲು ತೆಗೆದ. ಒಣಗಿದ ಗೋಡೆಯನ್ನು ಹಾಗೇ ಕೊಯ್ದರೆ ಒಡೆಯುತ್ತದೆ. ಒದ್ದೆ ಅರಿವೆ ಹಚ್ಚಿ ಮೆತ್ತಗೆ ಮಾಡಿ, ಗರಗಸದ ಮುರುಕು ಅಲಗಿನಿಂದ ಎಳೆ ಎಳೆಯಾಗಿ ಕೆರೆದ. ಎರಡು ಮೊಳದ ಬಾಗಿಲು ನಮ್ಮ ಲೆಕ್ಕದಲ್ಲಿ ಮುಕ್ಕಾಲು ಅಂಗುಲಕ್ಕೆ ತುಸು ಹೆಚ್ಚು. ಕೊಯ್ದ ಅಂಚಿಗೆ ಹೊಸ ಮಣ್ಣು ಸವರಬೇಕಾಯಿತು. ನನ್ನ ಉಗುರಿನ ಸಂದಿಯಲ್ಲಿ ಕೂತ ಆ ಕೆಮ್ಮಣ್ಣು ಹತ್ತು ದಿನ ಹೋಗಲಿಲ್ಲ, ಶಾಲೆಯಲ್ಲಿ ಬೈಸಿಕೊಂಡೆ.

ಗೊತ್ತಾದ ಸೋಮವಾರ ಅಪ್ಪ ನೀಲತ್ತೆಯ ಮತ್ತು ನನ್ನ ಜೊತೆ ಬಂದ, ಆದರೆ ಸ್ಟೇಶನ್ನಿನ ತನಕ ಮಾತ್ರ ಎಂದು ಮೊದಲೇ ಹೇಳಿದ್ದ. ಊರಿಗೆ ಹೋದರೆ ತಂದು ಬಿಟ್ಟ ಹಾಗಾಗುತ್ತದೆ. ಬನ್ನಿಕೊಪ್ಪದ ಪ್ಲಾಟ್‌ಫಾರ್ಮಿನ ಹೊರಗೆ, ಬೇವಿನ ಗಿಡದ ಕೆಳಗೆ ಒಂದು ಚಕ್ಕಡಿ ನಿಂತಿತ್ತು. ಸಂಗಯ್ಯ ಮಾಮಾ ಪಕ್ಕದಲ್ಲಿದ್ದರು. ಎತ್ತಿಗೆ ಹಿಂಡಿ ತರಲು ಬಂದಿದ್ದೆ ಎಂದರು. ಚಕ್ಕಡಿಯಲ್ಲಿ ಹಿಂಡಿ ಇರಲಿಲ್ಲ. ಮೆತ್ತಗೆ ಹುಲ್ಲು ಹಾಸಿ, ಮೇಲೆ ಕೌದಿ ಹಾಕಿತ್ತು. ಎರಡು ವರ್ಷ ಮಾತು ಬಿಟ್ಟ ಇಬ್ಬರೂ ಎದುರಾಬದುರು ನಿಂತರು.

"ಗೋಡಿ ಭಾಳ ದಪ್ಪ ಐತಿ ನಿಮ್ಮದು," ಎಂದ ಅಪ್ಪ.

"ಹೌದರಿ. ಹಿರ್ಯಾರು ಕಟ್ಟಿದ್ದು," ಎಂದರು ಮಾಮಾ. "ಭಾಳ ದಪ್ಪ."

ಅಷ್ಟೇ ಮಾತು. ಒಬ್ಬರು ಬಿಟ್ಟದ್ದಲ್ಲ, ಒಬ್ಬರು ಕರೆದದ್ದಲ್ಲ. ಇಬ್ಬರೂ ಬೇರೆ ಕೆಲಸಕ್ಕೆ ಬಂದಾಗ ನಡುವೆ ನೀಲತ್ತೆ ಗಾಡಿಯಿಂದ ಇಳಿದು ಚಕ್ಕಡಿ ಹತ್ತಿದಳು. ಮಾಮಾ ಅವಳ ಗಂಟನ್ನು ಎತ್ತಿ ಇಡುವಾಗ ಅವರ ಕೈ ಕಂಡೆ. ಅಂಗೈಯಲ್ಲಿ ಗುಳ್ಳೆಗಳು, ಉಗುರಿನ ಸಂದಿಯಲ್ಲಿ ಕೆಮ್ಮಣ್ಣು. ಪೂಜೆಯ ಕೈ ಹೀಗೇಕೆ ಇದೆ ಎಂದು ಅನ್ನಿಸಿತು. ಹೊಲದ ಕೆಲಸ ಇರಬೇಕು ಎಂದುಕೊಂಡೆ. ನನ್ನ ಉಗುರಿನಲ್ಲೂ ಅದೇ ಬಣ್ಣವಿತ್ತು. ಎರಡನ್ನೂ ಜೋಡಿಸಿ ನೋಡಲಿಲ್ಲ.

ಮಣ್ಣಿನ ಮನೆ ಮಳೆಗಾಲದ ತನಕ ನಿಂತಿತು. ಅಪ್ಪ ಗೋಣಿಚೀಲ ಹೊದಿಸಿದರೂ ಉಳಿಯಲಿಲ್ಲ. ಕರಗಿದ ಜಾಗದಲ್ಲಿ ಅವ್ವ ಕೊತ್ತಂಬರಿ ಹಾಕಿದಳು. ನಕ್ಷೆ ಮಾತ್ರ ನನ್ನ ಹತ್ತಿರ ಇದೆ.

ನಾಡು ಒಂದಾದ ವರ್ಷ ನಾನು ಹೈಸ್ಕೂಲಿನ ಕೊನೆಯ ತರಗತಿಯಲ್ಲಿದ್ದೆ. ಗದಗಿನಲ್ಲಿ ಸಕ್ಕರೆ ಹಂಚಿದರು. ಬನ್ನಿಕೊಪ್ಪವೂ ನಾವೂ ಈಗ ಒಂದೇ ಸರ್ಕಾರ ಎಂದು ಅಪ್ಪ ಗೋಡೆಯ ಮೇಲಿನ ಹಳೆಯ ನಕಾಶೆ ತೆಗೆದ. ಆ ರಜೆಯಲ್ಲಿ ಮೊದಲ ಸಲ ನೀಲತ್ತೆಯ ಮನೆಗೆ ಹೋದೆ. ಕಣ್ಣು ಕಟ್ಟಿ ಬಿಟ್ಟಿದ್ದರೂ ನಡೆಯಬಲ್ಲೆನಾಗಿದ್ದ ಮನೆ ಅದು. ಪಡಸಾಲೆಯಲ್ಲಿ ಮಲಗಿ ಜಂತಿ ಎಣಿಸಿದೆ, ಹತ್ತೊಂಬತ್ತು. ಅಡಿಗೆಮನೆಯ ಹಿಂದೆ ಬಾಗಿಲು ಇತ್ತು. ಚೀಲದಲ್ಲಿ ಅಪ್ಪನ ಫೂಟುಪಟ್ಟಿ ಇತ್ತು. ತೆಗೆದು ಅಡ್ಡ ಹಿಡಿದೆ. ಇಪ್ಪತ್ತೊಂಬತ್ತು ಅಂಗುಲ. ಕಾರ್ಡಿನ ಪ್ರಕಾರ ಮೂವತ್ತೆಂಟೂವರೆ ಇರಬೇಕಿತ್ತು. ಎರಡು ಮೊಳ ಎಂದು ಬರೆದವರ ಬಾಗಿಲು ಒಂದೂವರೆ ಮೊಳ ಇತ್ತು. ಗೋಡೆಯನ್ನು ಒಂದು ಅಂಗುಲಕ್ಕೆ ಸರಿಯಾಗಿ ಅಳೆದ ಮನುಷ್ಯ ಬಾಗಿಲಲ್ಲಿ ಇಷ್ಟು ತಪ್ಪುವವರಲ್ಲ. ಮಾಮಾ ಗುಡಿಯಿಂದ ಬಂದಾಗ ಕೇಳಿದೆ.

"ಅಳತಿ ತಪ್ಪೈತಲ್ಲರಿ ಮಾಮಾ?"

ಅವರು ಪಟ್ಟಿಯನ್ನು ನೋಡಿದರು, ನನ್ನನ್ನು ನೋಡಿದರು. ಅಂಗಳದ ಕಡೆ ಒಮ್ಮೆ ಕಣ್ಣು ಹಾಯಿಸಿ, ದನಿ ತಗ್ಗಿಸಿದರು.

"ಬರಿಯೂವಾಗ ಬಾಗಲಾ ಇರಲಿಲ್ಲವ್ವ. ನಿನ್ನ ಕಾರ್ಡು ಇಟಗೊಂಡು ಭಾಳ ದಿವಸ ಕುಂತೆ. ಇಲ್ಲ ಅಂತ ಬರೀಬೇಕಿತ್ತು. ಕೈ ಬರಲಿಲ್ಲ. ಐತಿ ಅಂತ ಬರದುಬಿಟ್ಟೆ. ಅಕಿ ಬರತಾಳ ಅಂತ ನಿನ್ನ ಕಾಗದಾ ಬಂತು. ಐದ ದಿವಸ ಉಳದಿದ್ದು. ಹಾರಿ ತಗೊಂಡು ಗೋಡಿ ಒಡದೆ. ಚೌಕಟ್ಟು ಹೊಸಾದು ಎಲ್ಲಿಂದ ತರಲಿ? ಕೊಟ್ಟಿಗ್ಯಾಗಿಂದು ಕಿತ್ತು ಕುಂಡ್ರಿಸಿದೆ. ಅದು ಇದ್ದದ್ದ ಅಷ್ಟು." ಆಮೇಲೆ ಸೇರಿಸಿದರು: "ನಿಮ್ಮ ಅತ್ತಿಗೆ ಇದು ಗೊತ್ತಿಲ್ಲ."

ಅಂದು ನಾನು ನಾಲ್ಕನೆಯ ಕಾರ್ಡಿಗೆ ಬಾಗಿಲು ಇದೆಯೋ ಇಲ್ಲವೋ ಎಂಬ ಆ ಸಾಲನ್ನು ಸೇರಿಸಿದ್ದರೆ ಅವರು ಏನು ಬರೆಯುತ್ತಿದ್ದರೋ ತಿಳಿಯದು. ಮೇಜಿನ ಹಿಂದೆ ಕೂತ ಎಷ್ಟೋ ವರ್ಷಗಳಲ್ಲಿ ನಾನು ಈ ಪ್ರಶ್ನೆಗೆ ಉತ್ತರ ಹುಡುಕಿದ್ದೇನೆ, ಸಿಕ್ಕಿಲ್ಲ.

ನೀಲತ್ತೆ ಹೊರಗೆ ಕೊಡ ತಿಕ್ಕುತ್ತಿದ್ದಳು. ಹೋಗಿ ಪಕ್ಕದಲ್ಲಿ ಕೂತೆ. ಮಾಮಾನ ಗುಟ್ಟು ಒಡೆಯಬಾರದು ಎಂದು ಸುತ್ತಿ ಬಳಸಿ ಕೇಳಿದೆ: ಬಂದ ದಿನ ಬಾಗಿಲು ನೋಡಿ ಏನನ್ನಿಸಿತು?

"ಮುಟ್ಟಿದೆ. ಕೈಗೆ ಮಣ್ಣು ಹತ್ತಿತು," ಎಂದಳು. "ಇನ್ನೂ ಹಸಿ ಇತ್ತು."

"ಮತ್ತ ಕೇಳಲಿಲ್ಲ?"

"ಏನು ಕೇಳೂದು? ನಾ ಏನು ನಿಮ್ಮಪ್ಪನ ಆಫೀಸಿನಾಕೀನ? ಕೊಡಾ ತಗೊಂಡು ನೀರಿಗೆ ಹೋದೆ."

ಅವಳು ಬಾವಿಗೆ ಹೋಗಿ ನೀರು ಸೇದಿದಳು. ತುಂಬಿದ ಕೊಡ ಸೊಂಟದ ಮೇಲಿಟ್ಟು ತಿರುಗಿದಳು. ನಾನು ಆ ಇಕ್ಕಟ್ಟು ಬಾಗಿಲಿನ ಹೊಸ್ತಿಲಲ್ಲಿ ನಿಂತು ಎಣಿಸಿದೆ. ಹತ್ತೇ ಹೆಜ್ಜೆ.